ತಾಳ್ಮೆ ಕಲಿಯಲು ಇಸ್ಪೀಟಿನ ಮೇಜೇ ಬೇಕೆ?

ನಮ್ಮ ಸಂಘದ ಯುವ ವಿಭಾಗದಿಂದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಲಹೆ ಬಂದಿದೆ. ಬರುವ ವಾರ್ಷಿಕೋತ್ಸವದ ಅಂಗವಾಗಿ ಸಭಾಗೃಹದಲ್ಲಿ ಒಂದು ದಿನದ ಪೋಕರ್ ಶಿಬಿರ ನಡೆಯಬೇಕು. ಬೆಳಿಗ್ಗೆ ‘ಭಾವನೆಗಳ ಹತೋಟಿ ಮತ್ತು ತಾಳ್ಮೆ’ ಎಂಬ ವಿಷಯದ ಮೇಲೆ ಉಪನ್ಯಾಸ, ಊಟದ ನಂತರ ಪ್ರವೇಶ ಶುಲ್ಕವಿಟ್ಟು ಸ್ಪರ್ಧೆ, ಸಂಜೆ ಬಹುಮಾನ ವಿತರಣೆ. ಸಲಹೆಯ ಜೊತೆಗಿರುವ ಟಿಪ್ಪಣಿಯ ಸಾರ ಇಷ್ಟು: ಪೋಕರ್ ಜೂಜಲ್ಲ, ಬುದ್ಧಿಯ ಆಟ. ಸಿಟ್ಟು, ಆಸೆ, ಭಯಗಳನ್ನು ಗೆದ್ದವನೇ ಅದರಲ್ಲಿ ಗೆಲ್ಲುತ್ತಾನೆ. ಸೋಲುವವರು ಸೋಲುವುದು ತಾಳ್ಮೆ ಸಾಲದೆ. ಆದುದರಿಂದ ಅವಸರದ ಈ ಕಾಲದಲ್ಲಿ ನಮ್ಮ ಮಕ್ಕಳಿಗೆ ತಾಳ್ಮೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಸಲಹೆ ಕೊಟ್ಟವರು ನಮ್ಮವರೇ, ಒಳ್ಳೆಯ ಹುಡುಗರೇ. ರಾಜ್ಯೋತ್ಸವದ ದಿನ ಕುರ್ಚಿ ಹೊರುವವರು, ನಾಟಕದ ಟಿಕೆಟ್ ಮಾರುವವರು. ಅವರ ಉದ್ದೇಶದ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಅವರು ನಂಬಿರುವ ಮಾತು ಅರ್ಧ ಸತ್ಯ. ಪೂರ್ತಿ ಸುಳ್ಳಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ, ಓದುಗರೇ ನಕ್ಕು ಬಿಡುತ್ತಿದ್ದರು. ಮನೆ ಮುರಿಯುವುದು ಯಾವಾಗಲೂ ಅರ್ಧ ಸತ್ಯವೇ. ಹಾಗಾಗಿ ಈ ಸಲಹೆಯನ್ನು ಸಮಿತಿ ತಿರಸ್ಕರಿಸಬೇಕೆಂದು ಬಹಿರಂಗವಾಗಿ ಕೇಳುತ್ತಿದ್ದೇನೆ. ಕಾರಣಗಳನ್ನು ಒಂದೊಂದಾಗಿ ಮುಂದಿಡುತ್ತೇನೆ.

ಮೊದಲು ಆ ಅರ್ಧ ಸತ್ಯಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ಈಗ ಎಲ್ಲೆಡೆ ಆಡುವ ಪೋಕರಿನಲ್ಲಿ ಒಬ್ಬೊಬ್ಬ ಆಟಗಾರನಿಗೆ ಎರಡು ಎಲೆ ಗುಟ್ಟಾಗಿ ಸಿಗುತ್ತದೆ. ಮೇಜಿನ ನಡುವೆ ಐದು ಎಲೆಗಳು ಎಲ್ಲರಿಗೂ ಸೇರಿದಂತೆ ಒಂದರ ಮೇಲೊಂದು ತೆರೆದುಕೊಳ್ಳುತ್ತವೆ. ನಾಲ್ಕು ಬಾರಿ ಪಣ ಕಟ್ಟುವ ಸಂದರ್ಭ ಬರುತ್ತದೆ. ಪ್ರತಿ ಬಾರಿಯೂ ಪಣವನ್ನು ಸರಿಗಟ್ಟಬಹುದು, ಏರಿಸಬಹುದು, ಇಲ್ಲವೆ ಎಲೆ ಕೆಳಗಿಟ್ಟು ಸುಮ್ಮನಾಗಬಹುದು. ತೀನ್ ಪತ್ತಿಯವರು ‘ಪ್ಯಾಕ್’ ಎನ್ನುವುದು, ರಮ್ಮಿಯವರು ‘ಡ್ರಾಪ್’ ಎನ್ನುವುದು ಇದನ್ನೇ. ಬಲ್ಲವನು ತನಗೆ ಬಂದ ಐದು ಆಟಗಳಲ್ಲಿ ಸುಮಾರು ನಾಲ್ಕನ್ನು ಹೀಗೆ ಕೆಳಗಿಡುತ್ತಾನೆ. ಬೇರೆಯವರು ಆಡುವುದನ್ನು ನೋಡುತ್ತ ಗಂಟೆಗಟ್ಟಲೆ ಕೂತಿರುವುದು ಸುಲಭವಲ್ಲ. ಎರಡು ಎಕ್ಕಗಳ ಜೋಡಿ ಕೈಗೆ ಬರುವುದು ಸರಾಸರಿ ೨೨೧ ಆಟಗಳಿಗೊಮ್ಮೆ. ಎಲೆ ಕಲಸಿ ಹಂಚಿ ಆಡುವ ಮೇಜಿನಲ್ಲಿ ಗಂಟೆಗೆ ೨೫ ಆಟ ನಡೆದರೆ, ಸುಮಾರು ಒಂಬತ್ತು ಗಂಟೆಗೊಮ್ಮೆ.

ಒಂಬತ್ತು ಗಂಟೆ ಕಾದು ಬಂದ ಆ ಜೋಡಿಯೂ ಗೆಲುವಿನ ಭರವಸೆಯಲ್ಲ. ಎದುರಾಳಿಯ ಕೈಯಲ್ಲಿ ಎರಡು ರಾಜರಿದ್ದು, ಇಬ್ಬರೂ ಇದ್ದುದನ್ನೆಲ್ಲ ಪಣಕ್ಕಿಟ್ಟರೆಂದು ಇಟ್ಟುಕೊಳ್ಳಿ. ಎಕ್ಕದವನು ನೂರರಲ್ಲಿ ಸುಮಾರು ೮೨ ಸಲ ಗೆಲ್ಲುತ್ತಾನೆ. ಉಳಿದ ೧೮ ಸಲ, ಎಲ್ಲವನ್ನೂ ಸರಿಯಾಗಿ ಮಾಡಿಯೂ, ಕಣ್ಣೆದುರೇ ಸೋಲುತ್ತಾನೆ. ಆಗ ಮೈಯೆಲ್ಲ ಉರಿಯುತ್ತದೆ. ಎದುರಿಗಿರುವವನು ಮೂರ್ಖನಂತೆ ಆಡಿ ಗೆದ್ದನಲ್ಲ ಎನಿಸುತ್ತದೆ. ಕಳೆದದ್ದನ್ನು ಮುಂದಿನ ಆಟದಲ್ಲೇ ಕೀಳಬೇಕೆಂಬ ಹಟ ಹುಟ್ಟುತ್ತದೆ. ಈ ಸ್ಥಿತಿಗೆ ಪೋಕರಿನವರು ‘ಟಿಲ್ಟ್’ ಎನ್ನುತ್ತಾರೆ. ಇದು ಪಿನ್‌ಬಾಲ್ ಯಂತ್ರದಿಂದ ಬಂದ ಮಾತು. ಆಡುವವನು ರೇಗಿ ಯಂತ್ರವನ್ನು ಅಲುಗಾಡಿಸಿದರೆ ‘ಟಿಲ್ಟ್’ ಎಂದು ದೀಪ ಹತ್ತಿ ಆಟ ಅಲ್ಲಿಗೇ ನಿಂತುಬಿಡುತ್ತಿತ್ತು. ಇಂಥ ಹೊತ್ತಿನಲ್ಲಿ ಉಸಿರು ತಡೆದು, ಎಲೆ ಕೆಳಗಿಟ್ಟು, ‘ನಾನು ಆಡಿದ್ದು ಸರಿ, ಬಂದ ಫಲ ಮಾತ್ರ ಬೇರೆ’ ಎಂದುಕೊಳ್ಳಬಲ್ಲವನು ಸಾಮಾನ್ಯನಲ್ಲ. ಮಾಡಿದ ಕೆಲಸವನ್ನು ಅದರ ಫಲದಿಂದ ಬೇರ್ಪಡಿಸಿ ನೋಡುವ ಈ ಗುಣ ದೊಡ್ಡದು. ಇಷ್ಟನ್ನು ನಾನು ಮನಸಾರೆ ಒಪ್ಪುತ್ತೇನೆ.

ಒಪ್ಪಿದ ಮೇಲೆ ಒಂದು ಪ್ರಶ್ನೆ. ಪಿನ್‌ಬಾಲ್ ಯಂತ್ರ ರೇಗಿದವನನ್ನು ನಿಲ್ಲಿಸುತ್ತಿತ್ತು. ಪೋಕರ್ ಮೇಜು ರೇಗಿದವನನ್ನು ಏನು ಮಾಡುತ್ತದೆ? ಕುರ್ಚಿ ಸರಿಮಾಡಿ, ಚಹಾ ತರಿಸಿ, ಇನ್ನೊಂದು ಆಟ ಹಂಚುತ್ತದೆ. ಏಕೆಂದರೆ ಅಲ್ಲಿ ಉಳಿದವರ ಗಳಿಕೆ ಬರುವುದು ಅವನಿಂದಲೇ. ತಾಳ್ಮೆಯ ಪಾಠಶಾಲೆ ಎಂದು ಕರೆಸಿಕೊಳ್ಳುವ ಈ ಜಾಗದಲ್ಲಿ ಒಬ್ಬ ವಿದ್ಯಾರ್ಥಿ ತಾಳ್ಮೆಗೆಟ್ಟಾಗಲೇ ಉಳಿದವರಿಗೆ ಹಬ್ಬ. ಸಹಪಾಠಿ ನಪಾಸಾಗಲೆಂದು ಎಲ್ಲರೂ ಹಾರೈಸುತ್ತ ಕೂತಿರುವ ಶಾಲೆಗೆ ನಾವು ಮಕ್ಕಳನ್ನು ಕಳಿಸುತ್ತೇವೆಯೇ?

ಇನ್ನು ಲೆಕ್ಕಕ್ಕೆ ಬರೋಣ. ಹೊರಗಿನಿಂದ ಬಂದು ದುಡಿದು ತಿನ್ನುವ ನಮಗೆ ಲೆಕ್ಕ ಚೆನ್ನಾಗಿ ಗೊತ್ತು. ಆರು ಜನ ತಲಾ ೧,೦೦೦ ರೂಪಾಯಿ ತಂದು ಕೂತರೆನ್ನಿ. ಪಣದ ಪ್ರತಿ ರಾಶಿಯಿಂದಲೂ ಮೇಜು ನಡೆಸುವವನು ನೂರಕ್ಕೆ ಐದರಂತೆ ತನ್ನ ಪಾಲು ಎತ್ತಿಕೊಳ್ಳುತ್ತಾನೆ. ರಾಶಿ ಸರಾಸರಿ ೨೦೦ ರೂಪಾಯಿಯಾದರೆ ಆಟಕ್ಕೆ ೧೦ ರೂಪಾಯಿ, ಗಂಟೆಗೆ ೨೫ ಆಟಕ್ಕೆ ೨೫೦ ರೂಪಾಯಿ, ನಾಲ್ಕು ಗಂಟೆಯಲ್ಲಿ ೧,೦೦೦ ರೂಪಾಯಿ. ಅಂದರೆ ಒಂದು ಸಂಜೆ ಕಳೆಯುವಷ್ಟರಲ್ಲಿ ಆರು ಜನರಲ್ಲಿ ಒಬ್ಬನ ಪೂರ್ತಿ ಜೇಬು ಮೇಜಿನವನ ಪೆಟ್ಟಿಗೆ ಸೇರಿತು. ಆರು ಮಂದಿಯೂ ಬುದ್ಧನಷ್ಟೇ ಶಾಂತರಾಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಎಲ್ಲರೂ ಸಮನಾಗಿ ತಾಳ್ಮೆ ಕಲಿತರೆ ಒಬ್ಬರ ತಾಳ್ಮೆ ಇನ್ನೊಬ್ಬರದಕ್ಕೆ ವಜಾ. ಉಳಿಯುವುದು ಮೇಜಿನವನ ಪಾಲು ಮಾತ್ರ. ತಾಳ್ಮೆಯಿಂದ ಹಣ ಬರುವುದು ಪಕ್ಕದವನಿಗೆ ತಾಳ್ಮೆ ಇಲ್ಲದಿದ್ದಾಗ ಮಾತ್ರ. ಹೀಗಿರುವಲ್ಲಿ ಶಿಬಿರ ಮಾಡಿ ಎಲ್ಲರಿಗೂ ತಾಳ್ಮೆ ಹಂಚುತ್ತೇವೆ, ಎಲ್ಲರೂ ಗೆಲ್ಲುತ್ತಾರೆ ಎಂಬುದು ಎಂಥ ಗಣಿತ?

‘ನನಗೆ ಕೌಶಲವಿದೆ, ನಾನು ಗೆಲ್ಲುವವರ ಸಾಲಿನವನು’ ಎಂದು ನಿಮ್ಮ ಮಗ ಹೇಳಬಹುದು. ಅದು ಅವನಿಗೆ ಹೇಗೆ ಗೊತ್ತಾಯಿತು ಎಂದು ಕೇಳಿ. ೨೦೧೫ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ತಾವು ತಯಾರಿಸಿದ ಗಣಕದ ಎದುರು ನಾಲ್ವರು ವೃತ್ತಿಪರ ಆಟಗಾರರನ್ನು ಕೂರಿಸಿದರು. ೮೦,೦೦೦ ಆಟಗಳಾದವು. ಒಟ್ಟು ಲೆಕ್ಕದಲ್ಲಿ ಮನುಷ್ಯರೇ ಮುಂದಿದ್ದರು. ಆದರೂ ಆ ಅಂತರ ಕೌಶಲದ್ದೋ ಅದೃಷ್ಟದ್ದೋ ಎಂದು ಖಚಿತವಾಗಿ ಹೇಳಲಾಗದೆ, ಸಂಶೋಧಕರು ಅದನ್ನು ಸರಿಸಮ ಎಂದೇ ಎಣಿಸಿದರು. ವಾರಕ್ಕೆ ನಾಲ್ಕು ಗಂಟೆ ಮೇಜಿನ ಮುಂದೆ ಕೂರುವವನು ವರ್ಷಕ್ಕೆ ಸುಮಾರು ೫,೨೦೦ ಆಟ ಆಡುತ್ತಾನೆ. ೮೦,೦೦೦ ಆಟ ಮುಗಿಸಲು ಅವನಿಗೆ ಹದಿನೈದು ವರ್ಷ ಬೇಕು. ಅದು ಇಬ್ಬಿಬ್ಬರೇ ಎದುರುಬದುರು ಕೂತ ಆಟ, ಇದು ಆರೆಂಟು ಜನರ ಮೇಜು. ಹೋಲಿಕೆ ತೂಕಕ್ಕೆ ತೂಕ ಕೂಡದಿದ್ದರೂ ಪಾಠ ಕೂಡುತ್ತದೆ. ಎರಡು ತಿಂಗಳು ಗೆದ್ದು ‘ನಾನು ಬಲ್ಲವ’ ಎನ್ನುವವನಿಗೆ ತಾನು ಬಲ್ಲವನೋ ಅಲ್ಲವೋ ಎಂಬುದೇ ತಿಳಿಯದು. ಅಷ್ಟರಲ್ಲಿ ಅವನ ಮದುವೆಯಾಗಿರುತ್ತದೆ, ಮನೆಯ ಸಾಲದ ಕಂತು ಶುರುವಾಗಿರುತ್ತದೆ.

ಎರಡು ವರ್ಷಗಳ ಬಳಿಕ, ೨೦೧೭ರ ಜನವರಿಯಲ್ಲಿ, ಅದೇ ವಿಶ್ವವಿದ್ಯಾಲಯದ ‘ಲಿಬ್ರಾಟಸ್’ ಎಂಬ ಹೊಸ ಗಣಕ ೨೦ ದಿನ, ೧,೨೦,೦೦೦ ಆಟ ಆಡಿ ನಾಲ್ವರು ನುರಿತವರನ್ನು ಯಾವ ಸಂಶಯಕ್ಕೂ ಎಡೆಯಿಲ್ಲದಂತೆ ಸೋಲಿಸಿತು. ಭಾವನೆಗಳ ಹತೋಟಿಯೇ ಈ ಆಟದ ಸಾರವೆಂದರೆ ಇದಕ್ಕಿಂತ ದೊಡ್ಡ ಸ್ಥಿತಪ್ರಜ್ಞ ಎಲ್ಲಿದೆ? ಅದಕ್ಕೆ ಸಿಟ್ಟಿಲ್ಲ, ನಿದ್ದೆಯಿಲ್ಲ, ಮನೆಯಲ್ಲಿ ಕಾಯುವವರಿಲ್ಲ. ಆದರೆ ಅದನ್ನು ತಾಳ್ಮೆವಂತ ಎಂದು ನಾವು ಕರೆಯುವುದಿಲ್ಲ. ಕಳೆದುಕೊಳ್ಳಲು ಏನಾದರೂ ಇದ್ದವನು ತಾಳಿದಾಗಲೇ ಅದು ತಾಳ್ಮೆ. ನಮ್ಮ ಹುಡುಗರಿಗೆ ಕಳೆದುಕೊಳ್ಳಲು ಬೇಕಾದಷ್ಟಿದೆ. ಅದಕ್ಕೇ ಅವರ ಮೈ ಬಿಸಿಯಾಗುತ್ತದೆ, ಅದು ಅವರ ದೋಷವಲ್ಲ.

ದೋಷವಲ್ಲ ಎಂದೆ, ಅದಕ್ಕೆ ಆಧಾರವಿದೆ. ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ೧೯೭೯ರಲ್ಲಿ ಪ್ರಕಟಿಸಿದ ಲೇಖನ ಪ್ರಸಿದ್ಧವಾದುದು. ಆ ಸಾಲಿನ ಕೆಲಸಕ್ಕೆ ಕಾನಮನ್‌ಗೆ ೨೦೦೨ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನೂರು ರೂಪಾಯಿ ಕಳೆದುಕೊಂಡ ನೋವು ನೂರು ರೂಪಾಯಿ ಗಳಿಸಿದ ಸುಖಕ್ಕಿಂತ ಬಹಳ ದೊಡ್ಡದು. ಅವರ ಮುಂದಿನ ಲೆಕ್ಕದಂತೆ ಸುಮಾರು ಎರಡರಷ್ಟು. ಆದ ನಷ್ಟಕ್ಕೆ ಇನ್ನೂ ಮನಸ್ಸು ಒಗ್ಗದವನು ಬೇರೆ ಹೊತ್ತಿನಲ್ಲಿ ಎಂದೂ ಒಪ್ಪದ ಬಾಜಿಗೂ ಒಪ್ಪುತ್ತಾನೆ ಎಂಬುದನ್ನೂ ಅವರು ಆಗಲೇ ಗುರುತಿಸಿದ್ದರು. ಇದು ಮನುಷ್ಯನ ಮನಸ್ಸಿನ ರಚನೆ. ಪೋಕರ್ ಮೇಜಿನ ಗಳಿಕೆ ನಿಂತಿರುವುದೇ ಈ ರಚನೆಯ ಮೇಲೆ. ಮನುಷ್ಯ ಸ್ವಭಾವವನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರದೊಳಕ್ಕೆ ಹುಡುಗನನ್ನು ತಳ್ಳಿ, ‘ನಿನ್ನ ಸ್ವಭಾವವನ್ನು ಗೆಲ್ಲು’ ಎನ್ನುವುದು, ಎಣ್ಣೆ ಸುರಿದ ಮೆಟ್ಟಲಲ್ಲಿ ಓಡಿಸಿ ‘ಜಾರಬೇಡ’ ಎಂದಂತೆ.

ಮೇಜೇ ಹೀಗಾದರೆ ಫೋನಿನ ಮಾತು ಬೇರೆ ಹೇಳಬೇಕೆ? ಮೇಜಿನಲ್ಲಿ ಎಲೆ ಕಲಸುವ ಹೊತ್ತು, ಹಣ ಎಣಿಸುವ ಹೊತ್ತು, ಗೆಳೆಯ ‘ಸಾಕು ಮಾರಾಯ, ಏಳು’ ಎನ್ನುವ ಹೊತ್ತು ಇತ್ತು. ತಾಳ್ಮೆ ಬೆಳೆಯುವುದು ಆ ಬಿಡುವಿನಲ್ಲಿ. ಫೋನು ಆ ಬಿಡುವನ್ನೇ ಕಿತ್ತುಹಾಕಿತು. ಒಂದು ಆಟ ಬಿಟ್ಟೊಡನೆ ಇನ್ನೊಂದು, ಒಂದೇ ಸಲಕ್ಕೆ ಎರಡು ಮೂರು ಮೇಜು, ಹಣ ಹಾಕಲು ಬೆರಳ ತುದಿ ಸಾಕು. ಕೊನೆಗೆ ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯಿದೆಯನ್ನು ಅಂಗೀಕರಿಸಿ, ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನು ಕೌಶಲದ್ದೋ ಅದೃಷ್ಟದ್ದೋ ಎಂಬ ಭೇದವಿಲ್ಲದೆ ನಿಷೇಧಿಸಿತು. ಆ ತಿಂಗಳ ೨೨ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಶಿಕ್ಷೆ ಆಡಿಸುವವರಿಗೆ, ಆಡಿದವರಿಗಲ್ಲ. ದೊಡ್ಡ ದೊಡ್ಡ ಕಂಪೆನಿಗಳು ಹಣದ ಆಟವನ್ನು ನಿಲ್ಲಿಸಿದವು. ಕಾಯಿದೆಯನ್ನು ಪ್ರಶ್ನಿಸಿ ಕೆಲವರು ನ್ಯಾಯಾಲಯದ ಮೆಟ್ಟಲೇರಿದರು. ಇತ್ತ ಫೋನಿನ ಮೇಜು ಮುಚ್ಚಿದರೇನು, ಗೆಳೆಯರ ಮನೆಯ ಮೇಜಿದೆ, ಪಣಜಿಯ ಮಾಂಡೋವಿ ನದಿಯ ಕ್ಯಾಸಿನೋ ಹಡಗುಗಳಿವೆ. ಈಗ ನಮ್ಮ ಸಂಘದ ಸಭಾಗೃಹವೂ ಆ ಸಾಲಿಗೆ ಸೇರಬೇಕೆ?

‘ಆದರೆ ನ್ಯಾಯಾಲಯಗಳೇ ಇದನ್ನು ಕೌಶಲದ ಆಟ ಎಂದಿವೆಯಲ್ಲ?’ ಎಂದು ಟಿಪ್ಪಣಿ ಕೇಳುತ್ತದೆ. ಕೆಲವು ಹಾಗೆಂದಿವೆ. ೧೮೬೭ರ ಜೂಜು ಕಾಯಿದೆ ಕೌಶಲದ ಆಟಗಳನ್ನು ಹೊರಗಿಟ್ಟಿತ್ತು. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ ೧೯೬೭ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ಹೇಳಿತು. ೨೦೧೩ರಲ್ಲಿ ಕರ್ನಾಟಕ ಹೈಕೋರ್ಟು, ಕೌಶಲದ ಆಟವಾಗಿ ಪೋಕರ್ ಆಡುವುದಾದರೆ ಪರವಾನಗಿಯ ಅಗತ್ಯವಿಲ್ಲವೆಂದಿತು. ೨೦೧೭ರಲ್ಲಿ ಗುಜರಾತ್ ಹೈಕೋರ್ಟು ಅದೇ ಪೋಕರನ್ನು ಜೂಜು ಎಂದಿತು. ಒಂದೇ ಐವತ್ತೆರಡು ಎಲೆ, ಎರಡು ತೀರ್ಪು. ಇರಲಿ, ಆ ಚರ್ಚೆಯನ್ನು ವಕೀಲರು ಮಾಡಲಿ. ನ್ಯಾಯಾಲಯದ ಮುಂದಿದ್ದುದು ‘ಇದನ್ನು ಆಡಿಸಿದವನನ್ನು ಶಿಕ್ಷಿಸಬಹುದೇ?’ ಎಂಬ ಪ್ರಶ್ನೆ. ‘ಇದರಿಂದ ಮನೆಗೆ ಒಳ್ಳೆಯದಾಗುತ್ತದೆಯೇ?’ ಎಂದು ಅದನ್ನು ಯಾರೂ ಕೇಳಿರಲಿಲ್ಲ. ಆ ಪ್ರಶ್ನೆ ನಮ್ಮ ಮುಂದಿದೆ.

ಈಗ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಮುಂಬಯಿಯ ಹಳಬರಿಗೆ ಮಟ್ಕಾ ನೆನಪಿರಬೇಕು. ನ್ಯೂಯಾರ್ಕಿನ ಹತ್ತಿ ಪೇಟೆಯ ದರದ ಮೇಲೆ ಬಾಜಿ ಕಟ್ಟುವುದರಿಂದ ಹುಟ್ಟಿ, ೧೯೬೦ರ ದಶಕದಲ್ಲಿ ಕಲ್ಯಾಣ್‌ಜಿ ಭಗತ್, ರತನ್ ಖತ್ರಿ ಮೊದಲಾದವರ ಕೈಯಲ್ಲಿ ಊರಿಗೆ ಊರನ್ನೇ ಹಿಡಿದ ಆಟ ಅದು. ಗಿರಣಿಯ ಕಾರ್ಮಿಕನಿಂದ ಹಿಡಿದು ಹೋಟೆಲಿನ ಹುಡುಗನವರೆಗೆ ಅಂಕಿಯ ಕನಸು ಕಾಣದವರು ಕಡಮೆ. ಊರಿನ ಕಡೆ ಅದಕ್ಕೇ ಓಸಿ ಎಂದು ಹೆಸರಾಯಿತು. ಎಷ್ಟು ಸಂಸಾರ ಅದರಲ್ಲಿ ಕರಗಿತೆಂದು ಹೇಳಬೇಕಾಗಿಲ್ಲ. ಆದರೂ ಒಂದು ಮಾತಿದೆ. ಮಟ್ಕಾದಲ್ಲಿ ಸೋತವನು ಹಣೆಬರಹವನ್ನು ಬೈಯುತ್ತಿದ್ದ, ಅಂಕಿಯನ್ನು ಬೈಯುತ್ತಿದ್ದ, ಚೀಟಿ ಬರೆದವನನ್ನು ಬೈಯುತ್ತಿದ್ದ. ಬೈದು ಮನೆಗೆ ಬರುತ್ತಿದ್ದ. ತನ್ನ ಗುಣವೇ ಕೆಟ್ಟದ್ದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಪೋಕರಿನಲ್ಲಿ ಸೋತವನಿಗೆ ಆ ಸಮಾಧಾನವೂ ಇಲ್ಲ. ‘ಆಟ ಸರಿಯಾಗಿಯೇ ಇದೆ, ನಿನಗೆ ತಾಳ್ಮೆ ಇಲ್ಲ’ ಎಂದು ಮೊದಲೇ ಹೇಳಿಟ್ಟಿರುತ್ತಾರೆ. ಹಣ ಹೋದದ್ದಲ್ಲದೆ ಮಾನವೂ ಹೋಯಿತು. ಇದರಿಂದ ಎರಡು ಅನಾಹುತ. ಒಂದು, ಅವನು ಸೋತಷ್ಟೂ ಬಿಡುವುದಿಲ್ಲ. ಬಿಟ್ಟರೆ ತಾಳ್ಮೆಗೇಡಿ ಎಂದು ಒಪ್ಪಿಕೊಂಡಂತಾಗುತ್ತದಲ್ಲ! ಇನ್ನೊಂದು ಇದಕ್ಕಿಂತ ಕೆಟ್ಟದ್ದು: ಅವನು ಮನೆಯಲ್ಲಿ ಹೇಳುವುದಿಲ್ಲ. ಪಗಾರದಲ್ಲಿ ಕಡಿತ ಎನ್ನುತ್ತಾನೆ, ಗೆಳೆಯನಿಗೆ ಕೊಟ್ಟಿದ್ದೇನೆ ಎನ್ನುತ್ತಾನೆ, ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುತ್ತಾನೆ. ಹೆಂಡತಿಗೆ ಗೊತ್ತಾಗುವುದು ವಸೂಲಿಯವನು ಬಾಗಿಲು ಬಡಿದಾಗ. ಊರಿನಲ್ಲಿರುವ ತಂದೆತಾಯಿಗೆ ಗೊತ್ತಾಗುವುದು ಅದಕ್ಕೂ ಎಷ್ಟೋ ದಿನ ತಡವಾಗಿ.

ಹೊರನಾಡಿನ ನಮ್ಮ ಸಂಸಾರಗಳಿಗೆ ಈ ಮೌನ ಇತರರಿಗಿಂತ ಹೆಚ್ಚು ಅಪಾಯಕಾರಿ. ಊರಿನಲ್ಲಾದರೆ ಹುಡುಗನ ಮುಖ ಬಾಡಿದ್ದನ್ನು ಅಂಗಡಿಯವನು ನೋಡುತ್ತಾನೆ, ಚಿಕ್ಕಪ್ಪ ನೋಡುತ್ತಾನೆ, ದೇವಸ್ಥಾನದ ಭಟ್ಟರು ನೋಡುತ್ತಾರೆ. ಇಲ್ಲಿ ಒಂದು ಕೋಣೆ, ಒಂದು ಬಾಗಿಲು, ಲೋಕಲ್ ಗಾಡಿಯಲ್ಲಿ ಎರಡು ಗಂಟೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಒಂಟಿಯಾಗಿ ಕೋಣೆ ಹಿಡಿದು ಕೆಲಸ ಮಾಡುವ ಹುಡುಗನ ಸ್ಥಿತಿಯೂ ಇದೇ. ಒಂದು ಕಾಲದಲ್ಲಿ ತಿಂಗಳ ಮೊದಲ ವಾರ ಮನಿಯಾರ್ಡರಿನ ರಸೀತಿ ನೋಡಿದರೆ ಹುಡುಗ ನೆಟ್ಟಗಿದ್ದಾನೆಂದು ತಿಳಿಯುತ್ತಿತ್ತು. ಈಗ ಹಣ ಯಾವ ದಾರಿಯಲ್ಲಿ ಬಂತು, ಯಾವ ದಾರಿಯಲ್ಲಿ ಹೋಯಿತು ಎಂಬುದು ಅವನೊಬ್ಬನಿಗೇ ಗೊತ್ತು. ಹೀಗೆ ಒಂಟಿಯಾದವನ ಕಿವಿಯಲ್ಲಿ ‘ಸೋತರೆ ತಪ್ಪು ನಿನ್ನದೇ’ ಎಂದು ಮೊದಲೇ ಊದಿಟ್ಟರೆ ಅವನು ಯಾರ ಹತ್ತಿರ ಹೋಗಬೇಕು? ಸಂಘದ ಹತ್ತಿರ ಬರುತ್ತಾನೆಯೇ? ಆ ಪಾಠ ಹೇಳಿಕೊಟ್ಟದ್ದೇ ಸಂಘವಾದರೆ?

ಸಿಟ್ಟು ಬಾರದಿರುವುದೇ ಸಂಯಮ ಎಂದು ತಿಳಿದವರು ಸಭಾಪರ್ವವನ್ನು ಮತ್ತೊಮ್ಮೆ ಓದಲಿ. ಅಲ್ಲಿ ಪಗಡೆಗೆ ಕೂತವನು ತಾಳ್ಮೆಗೆಟ್ಟ ಭೀಮನಲ್ಲ, ತಾಳ್ಮೆಯ ಮೂರ್ತಿಯೇ ಆದ ಧರ್ಮರಾಯ. ಅವನು ಕೂಗಲಿಲ್ಲ, ಶಕುನಿಯ ಕೈ ಹಿಡಿಯಲಿಲ್ಲ, ಸಭೆಯ ಮರ್ಯಾದೆ ಮೀರಲಿಲ್ಲ. ಶಾಂತನಾಗಿಯೇ ರಾಜ್ಯ ಇಟ್ಟ, ಶಾಂತನಾಗಿಯೇ ತಮ್ಮಂದಿರನ್ನು ಇಟ್ಟ, ತನ್ನನ್ನೂ ಇಟ್ಟ, ಕೊನೆಗೆ ದ್ರೌಪದಿಯನ್ನೂ ಇಟ್ಟ. ಸಿಟ್ಟು ಬಂದದ್ದು ಭೀಮನಿಗೆ. ಅಣ್ಣನ ಕೈಗಳನ್ನು ಸುಡುತ್ತೇನೆ, ಬೆಂಕಿ ತಾ ಎಂದು ಸಹದೇವನಿಗೆ ಅವನು ಹೇಳಿದ. ಆ ಸಭೆಯಲ್ಲಿ ವಿವೇಕ ಯಾರಲ್ಲಿತ್ತು ಎಂದು ಓದುಗರೇ ಹೇಳಲಿ. ಅಷ್ಟಾಗಿ, ಎಲ್ಲವೂ ಮರಳಿ ದೊರೆತ ಮೇಲೆ, ಇನ್ನೊಮ್ಮೆ ಕರೆ ಬಂದಾಗ ಧರ್ಮರಾಯ ಮತ್ತೆ ಹೋಗಿ ಕೂತ. ಅವನಲ್ಲಿ ಭಾವನೆಯ ಹತೋಟಿ ಇರಲಿಲ್ಲವೆಂದು ಯಾರೂ ಹೇಳಲಾರರು. ಇಲ್ಲದೆ ಹೋದದ್ದು ಎದ್ದು ಬರುವ ಶಕ್ತಿ.

ನಳನ ಉದಾಹರಣೆ ಕೊಡುವವರಿದ್ದಾರೆ. ಋತುಪರ್ಣನಿಂದ ಅಕ್ಷಹೃದಯ ಕಲಿತು ನಳ ಪುಷ್ಕರನನ್ನು ಸೋಲಿಸಿ ರಾಜ್ಯ ಮರಳಿ ಪಡೆಯಲಿಲ್ಲವೇ ಎಂದು ಕೇಳುತ್ತಾರೆ. ಪಡೆದ. ಆದರೆ ಆ ವಿದ್ಯೆ ಅವನಿಗೆ ಸಿಕ್ಕಿದ್ದು ರಾಜ್ಯ ಹೋಗಿ, ಹೆಂಡತಿಯನ್ನು ಕಾಡಿನಲ್ಲಿ ಬಿಟ್ಟು, ರೂಪಗೆಟ್ಟು, ಇನ್ನೊಬ್ಬರ ಲಾಯದಲ್ಲಿ ದುಡಿದ ಮೇಲೆ. ರಾಜ್ಯ ಬಂದ ಮೇಲೆ ಅವನು ಸೋತ ತಮ್ಮನಿಗೆ ಜೀವವನ್ನೂ ಅವನ ಪಾಲನ್ನೂ ಕೊಟ್ಟು ಕಳಿಸಿದ, ಮೇಜು ತೆರೆದು ಕೂರಲಿಲ್ಲ. ಇಬ್ಬರ ಕಥೆಯಿಂದಲೂ ಬರುವ ಪಾಠ ಒಂದೇ. ಕೂತು ತಾಳುವುದು ಒಂದು, ಎದ್ದು ಬರುವುದು ಇನ್ನೊಂದು. ಪೋಕರಿನ ಪಾಠ ಹೇಳುವವರು ಮೊದಲನೆಯದನ್ನು ಕಲಿಸುತ್ತಾರೆ, ಎರಡನೆಯದಕ್ಕೆ ಕೊನೆಯ ಅರ್ಧ ಗಂಟೆ ಕೊಡುತ್ತಾರೆ. ಮನೆ ಉಳಿಸುವುದು ಎರಡನೆಯದು.

‘ಸಂಘದ ಹಿರಿಯರು ಭಾನುವಾರ ಸಂಜೆ ರಮ್ಮಿ ಆಡುವುದಿಲ್ಲವೇ? ಹಳೆ ಮೈಸೂರಿನ ಕಡೆ ಯುಗಾದಿಯ ಹೊತ್ತಿಗೆ ಊರಿಗೆ ಊರೇ ಎಲೆ ಹಿಡಿದು ಕೂರುವುದಿಲ್ಲವೇ? ನಮಗೆ ಮಾತ್ರ ಏಕೆ ಉಪದೇಶ?’ ಎಂದು ಯುವಕರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಹಿರಿಯರ ಬೆಳ್ಳಿ ಕೂದಲಿಗೆ ಹೆದರಿ ಇದನ್ನು ತಳ್ಳಿಹಾಕಬಾರದು. ನನ್ನ ಉತ್ತರ ಇಷ್ಟು. ಎಲೆಯ ಮೇಲೆ ನನಗೆ ಹಗೆಯಿಲ್ಲ, ಹಣದ ಮೇಲೆ ಆಕ್ಷೇಪವಿದೆ. ಸಂಘದ ಕೋಣೆಯಲ್ಲಿ ಒಂದು ರೂಪಾಯಿ ಕೈಬದಲಾದರೂ ಅದು ರಮ್ಮಿಯಾಗಲಿ ಪೋಕರಾಗಲಿ, ಆಡುವವರು ಎಪ್ಪತ್ತರವರಾಗಲಿ ಇಪ್ಪತ್ತರವರಾಗಲಿ, ನಿಲ್ಲಬೇಕು. ನಿಯಮ ಮೊದಲು ಹಿರಿಯರ ಮೇಜಿನಿಂದಲೇ ಶುರುವಾಗಲಿ. ಹುಣಸೆಬೀಜ ಇಟ್ಟು ಆಡಿ. ಗೆದ್ದವರಿಗೆ ಚಪ್ಪಾಳೆ, ಸೋತವರಿಗೆ ಒಂದು ಲೋಟ ಕಾಫಿ. ಪೋಕರ್ ಅಷ್ಟು ದೊಡ್ಡ ಬುದ್ಧಿಯ ಆಟವಾದರೆ ಹುಣಸೆಬೀಜದಲ್ಲೂ ಬುದ್ಧಿ ಬೆಳೆಯಬೇಕಲ್ಲವೇ? ‘ಹಣವಿಲ್ಲದಿದ್ದರೆ ಆಟಕ್ಕೆ ರುಚಿಯಿಲ್ಲ’ ಎಂದು ಯಾರಾದರೂ ಹೇಳಿದರೆ ಚರ್ಚೆ ಅಲ್ಲಿಗೇ ಮುಗಿಯಿತು. ರುಚಿ ಯಾವುದರಲ್ಲಿದೆ ಎಂದು ಅವರೇ ಹೇಳಿದಂತಾಯಿತು.

ಇನ್ನು ತಾಳ್ಮೆ. ‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ನಮ್ಮವರು ಇಸ್ಪೀಟಿನ ಮೇಜಿನಲ್ಲಿ ಕಲಿಯಲಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ನಿದ್ದೆಗಣ್ಣಿನಲ್ಲಿ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬೆಂಚಿನ ಮೇಲೆ ಕೂತು ಮೆಟ್ರಿಕ್ ಮುಗಿಸಿದವರ ತಾಳ್ಮೆಯ ಮೇಲೆ ನಮ್ಮ ಎಷ್ಟೋ ಸಂಸ್ಥೆಗಳು ನಿಂತಿವೆ. ಅವರ ಗೆಲುವಿಗಾಗಿ ಪಕ್ಕದ ಬೆಂಚಿನವನು ಸೋಲಬೇಕಾಗಿರಲಿಲ್ಲ.

ಭಾವನೆಯ ಹತೋಟಿಗೆ ಕಲೆಯೇ ಬೇಕೆನ್ನುವವರಿಗೆ ನಮ್ಮ ತಾಳಮದ್ದಳೆ ಇದೆ. ಎದುರಿನ ಅರ್ಥಧಾರಿ ಚುಚ್ಚುತ್ತಾನೆ, ಕೆಣಕುತ್ತಾನೆ, ಸಭೆಯನ್ನು ನಗಿಸುತ್ತಾನೆ. ಬರೆದಿಟ್ಟ ಮಾತಿಲ್ಲ, ಅಲ್ಲೇ ಹುಟ್ಟಬೇಕು. ರೇಗಿದವನ ಕಥೆ ಮುಗಿಯಿತು. ವಾಲಿಯ ಬಾಯಿಂದ ಬರುವ ಪ್ರಶ್ನೆಗಳಿಗೆ ರಾಮನಾಗಿ ಕೂತವನು ಮುಖ ಕೆಂಪಗೆ ಮಾಡಿಕೊಳ್ಳದೆ ಉತ್ತರ ಕೊಡಬೇಕು, ಸರದಿ ಬರುವ ತನಕ ಕಾಯಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಕೇಳಿದವರಿಗೆ ನಾನೇನು ಹೇಳುತ್ತಿದ್ದೇನೆಂದು ಬಿಡಿಸಬೇಕಾಗಿಲ್ಲ. ಇಲ್ಲಿ ಎದುರಾಳಿ ಚೆನ್ನಾಗಿ ಆಡಿದಷ್ಟೂ ನಮ್ಮ ಪಾತ್ರವೂ ಬೆಳಗುತ್ತದೆ. ಅವನು ಸೋತು ಹಾಳಾಗಲೆಂದು ನಾವು ಕಾಯುವುದಿಲ್ಲ. ಪೋಕರ್ ಶಿಬಿರಕ್ಕೆ ಕೇಳಿರುವ ಅದೇ ದಿನವನ್ನು ಯುವಕರ ತಾಳಮದ್ದಳೆಗೆ ಕೊಡಲಿ, ಇಲ್ಲವೆ ಚದುರಂಗದ ಸ್ಪರ್ಧೆಗೆ ಕೊಡಲಿ.

ಕೊನೆಯದಾಗಿ ಮನೆಯ ಹಿರಿಯರಿಗೂ ಎರಡು ಮಾತು. ಮಗನೋ ಅಳಿಯನೋ ಈಗಾಗಲೇ ಇದರಲ್ಲಿ ಸಿಕ್ಕಿಕೊಂಡಿದ್ದರೆ ‘ನಿನಗೆ ಮನಸ್ಸಿನ ಮೇಲೆ ಹಿಡಿತವಿಲ್ಲ’ ಎಂದು ಹೀಯಾಳಿಸಬೇಡಿ. ಆ ಮಾತನ್ನು ಅವನು ಆಗಲೇ ಸಾವಿರ ಸಲ ತನಗೆ ತಾನೇ ಹೇಳಿಕೊಂಡಿರುತ್ತಾನೆ. ಬಿಡಲಾಗದ ಜೂಜು ಒಂದು ಕಾಯಿಲೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲೇ ಇದೆ. ಅವನ ಜೊತೆ ಕೂತು ಸಾಲದ ಪಟ್ಟಿ ಕಾಗದದ ಮೇಲೆ ಬರೆಯಿರಿ. ಸಾಲ ತೀರಿಸಲು ಇಡಿಯ ಹಣವನ್ನು ಅವನ ಕೈಗೇ ಕೊಡಬೇಡಿ. ಖಾತೆಯ ಉಸ್ತುವಾರಿಯನ್ನು ಕೆಲವು ಕಾಲ ಇನ್ನೊಬ್ಬರು ನೋಡಿಕೊಳ್ಳಲಿ. ೨೦೨೨ರ ಅಕ್ಟೋಬರಿನಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ ೧೪೪೧೬. ದೇಶದ ಯಾವ ಊರಿನಿಂದಲೂ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು ಮತ್ತು ಆನ್‌ಲೈನ್ ಆಟಗಳ ಗೀಳಿಗೆ ಚಿಕಿತ್ಸೆ ಕೊಡುವ ವಿಭಾಗವೇ ೨೦೧೪ರಲ್ಲಿ ಆರಂಭವಾಗಿದೆ. ನಾಚಿಕೆಯಿಂದ ಬಾಗಿಲು ಮುಚ್ಚಿ ಕೂರುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಯುವ ಮಿತ್ರರೇ, ನಿಮ್ಮ ಟಿಪ್ಪಣಿಯ ಒಂದು ವಾಕ್ಯವನ್ನು ನಾನೂ ಒಪ್ಪುತ್ತೇನೆ: ಒಳ್ಳೆಯ ಆಟಗಾರನಿಗೆ ಬೇಕಾದ ದೊಡ್ಡ ಗುಣ ಎಲೆ ಕೆಳಗಿಡುವುದು. ಐದರಲ್ಲಿ ನಾಲ್ಕು ಸಲ ಎಲೆ ಕೆಳಗಿಡಿ ಎನ್ನುತ್ತೀರಿ ನೀವು. ಸಂಘದ ಸಭಾಗೃಹದ ಮಟ್ಟಿಗೆ ಆ ಐದನೆಯ ಸಲವನ್ನೂ ಸೇರಿಸಿ ಎನ್ನುತ್ತೇನೆ ನಾನು. ಸಮಿತಿಯ ಸದಸ್ಯರು ಈ ಸಲಹೆ ಚರ್ಚೆಗೆ ಬಂದ ದಿನ ತಮ್ಮ ಮನೆಯ ಹುಡುಗರ ಮುಖವನ್ನು ಒಮ್ಮೆ ನೆನೆದುಕೊಂಡು ಕೈ ಎತ್ತಲಿ.